ತೊಟ್ಟಿಲಿಗೆ ಕಲಿಸಿದ ಭಾಷೆ

ಬೆಳಗ್ಗೆ ನೆಲ ಒರೆಸುವಾಗ ಕಿಟಕಿಯ ಕೆಳಗಿನ ಒಡೆದ ಟೈಲ್ಸಿಗೆ ಬಟ್ಟೆ ಸಿಕ್ಕಿಕೊಂಡಿತು. ಬದಲಿಸಿಬಿಡಿ ಎನ್ನದ ನೆಂಟರಿಲ್ಲ. ನಾನು ಬದಲಿಸಿಲ್ಲ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ನಾವು ಊರು ಬಿಟ್ಟು ತೆಲುಗರ ನಾಡಿನ ಕುಷಾಯಿಗೂಡದ ಈ ಮನೆಗೆ ಬಂದ ಹೊಸತು. ಮಗಳಿನ್ನೂ ತೊಟ್ಟಿಲ ಕೂಸು. ತೂಗಿ ತೂಗಿ ಅತ್ತೆಯ ರಟ್ಟೆ ಬಿದ್ದುಹೋಗಿತ್ತು. ನನಗೋ ವೈರು, ಮೋಟಾರು ಎಂದರೆ ಊಟವೂ ಬೇಡ. ತೊಟ್ಟಿಲು ತಾನೇ ತೂಗುವಂತೆ ಮಾಡುತ್ತೇನೆಂದು ಎಲೆಕ್ಟ್ರಾನಿಕ್ ಸಾಮಾನಿನ ಪೇಟೆ ಕೋಠಿಗೆ ಹೋದೆ. ಅಂಗಡಿಯವನು ಮೋಟಾರು ನಡೆಸುವ ಎರಡು ಬೋರ್ಡು ಮುಂದಿಟ್ಟ. ಒಂದು ಬೆರಳುದ್ದದ್ದು, ಹೇಳಿದ ಒಂದೇ ಕೆಲಸ ಮಾಡುವಂಥದ್ದು. ಅದಕ್ಕೆ ಪ್ರೋಗ್ರಾಂ ಬರೆಯಲು ನನಗೆ ಬಾರದ ಸಿ ಭಾಷೆ ಬೇಕು. ಇನ್ನೊಂದು ಪುಟ್ಟ ಕಂಪ್ಯೂಟರೇ. ಅದಕ್ಕೆ ನನಗೆ ಬರುವ ಪೈಥಾನ್ ಸಾಕು. "ಬಡಾ ಲೇಲೋ ಮೇಡಂ, ಇಸ್ಮೇ ಸಬ್ ಕುಛ್ ಹೈ," ಎಂದ. ಎಲ್ಲವೂ ಇರುವುದನ್ನು ಯಾರು ಬಿಡುತ್ತಾರೆ? ದೊಡ್ಡದನ್ನೇ ತಂದೆ.

ಪ್ರೋಗ್ರಾಂ ಬರೆಯುತ್ತ ಕೂತಿದ್ದಾಗ ಅತ್ತೆ ಇಣುಕಿದರು. "ತೊಟ್ಲಕ್ಕ ಯಾವ ಭಾಷಾದಾಗ ಹೇಳಾಕತ್ತಿ? ತೆಲುಗಿನಾಗೇನು?"

"ಅದರ ಭಾಷಾನ ಬ್ಯಾರೆ ಐತ್ರಿ ಅತ್ತಿ. ನಿಲ್ಲು ಅಂದ್ರ ನಿಲ್ಲತೈತಿ."

"ಕೂಡ್ಲೇ ನಿಲ್ಲತೈತೋ, ನಿನ್ನಂಗ 'ಬಂದೆ, ಬಂದೆ' ಅಂತೈತೋ?"

ಕುರ್ಚಿಯಿಂದ ಏಳುವ ಮೊದಲೇ ಬಂದೆ ಎನ್ನುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಎಲ್ಲ ಸಿದ್ಧವಾದಾಗ, ಮೊದಲು ಖಾಲಿ ತೊಟ್ಟಿಲನ್ನೇ ತೂಗಿಸೋಣ ಎಂದೆ. ಅತ್ತೆ ಅಡ್ಡ ಬಂದರು. "ಖಾಲಿ ತೊಟ್ಲ ತೂಗಬಾರ್ದವಾ!" ಹಾಗಾದರೆ ಕೂಸನ್ನೇ ಮಲಗಿಸೋಣವೆಂದು ಕೈ ಚಾಚಿದೆ. ಹೌದು, ಚಾಚಿದೆ.

"ತಡಿ. ಮೊದ್ಲು ಗುಂಡಪ್ಪ ಮಲಗ್ಲಿ."

ಹೆಸರಿಡುವ ದಿನ ಕೂಸಿಗಿಂತ ಮೊದಲು ರುಬ್ಬುವ ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುವುದು ನಮ್ಮ ಕಡೆಯ ಪದ್ಧತಿ. ಅತ್ತೆ ಅದೇ ಕಲ್ಲಿಗೆ ಕೂಸಿನ ತಲೆಯ ಕುಂಚಿಗೆ ತೊಡಿಸಿ ಮಲಗಿಸಿದರು. ನನಗೆ ನಗುವೋ ನಗು. ಸ್ವಿಚ್ ಹಾಕಿದೆ.

ತೊಟ್ಟಿಲು ಚೆಂದಾಗಿ ತೂಗಿತು. ನಂತರ, ತೊಟ್ಟಿಲು ಒಂದು ತುದಿ ಮುಟ್ಟಿ ಮೋಟಾರು ನಿಂತು ಹಿಮ್ಮುಖ ತಿರುಗಬೇಕಾದ ಹೊತ್ತಿಗೇ, ಎಲ್ಲವೂ ಇದ್ದ ನನ್ನ ಕಂಪ್ಯೂಟರು ಇನ್ನಾವುದೋ ತನ್ನ ಕೆಲಸದಲ್ಲಿ ಮುಳುಗಿತು. ಮೋಟಾರು ಎಳೆಯುತ್ತಲೇ ಹೋಯಿತು. ತೊಟ್ಟಿಲು ಮಗುಚಿಕೊಂಡಿತು. ಕಲ್ಲು ನೆಲಕ್ಕೆ ಬಿದ್ದ ಆ ಸದ್ದಿಗೆ ಪಕ್ಕದ ಮನೆಯವರು ಓಡಿಬಂದರು.

ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ, ಮೋಟಾರಿಗೆ ಹೇಳುವ ಮೊದಲೇ ತೋರಿಸುವಂತೆ ನಾನು ಬರೆಸಿದ್ದ 'ನಿಂತಿದೆ' ಎಂಬ ಸಾಲು ಆಗಲೇ ಮೂಡಿತ್ತು.

ಒಡೆದ ಟೈಲ್ಸಿನ ಮೇಲೆ ಕುಂಚಿಗೆ ತೊಟ್ಟ ಕಲ್ಲು ಬಿದ್ದಿತ್ತು. ಅತ್ತೆ ಕೂಸನ್ನು ಎದೆಗವಚಿಕೊಂಡು ನಿಂತೇ ಇದ್ದರು.

ಆಮೇಲೆ ಚಿಕ್ಕ ಬೋರ್ಡು ತಂದೆ, ಸಿ ಕಲಿತೆ. ಅದು ಬಾಲ್ಕನಿಯ ಕುಂಡಗಳಿಗೆ ನೀರುಣಿಸುತ್ತದೆ, ಹೇಳಿದ ಹೊತ್ತಿಗೆ ನಿಲ್ಲುತ್ತದೆ. ತೊಟ್ಟಿಲಿಗೆ ಹಗ್ಗ ಕಟ್ಟಿ ನಾನೇ ತೂಗಿದೆ.

ಸಿಕ್ಕಿಕೊಂಡ ಬಟ್ಟೆಯನ್ನು ಬಿಡಿಸುತ್ತಿದ್ದೆ. ಬಚ್ಚಲಿನಿಂದ ಮಗಳು ಕೂಗಿದಳು. "ಅವ್ವಾ, ಕಣ್ಣಾಗ ಸಬಕಾರ ಹೋತು!"

ಬಂದೆ ಎನ್ನಲು ಬಾಯಿ ತೆರೆದೆ. ಕಾಲು ಆಗಲೇ ಬಚ್ಚಲ ಬಾಗಿಲಲ್ಲಿತ್ತು.