ಹಾಕದ ಸಹಿ

ಪೀಣ್ಯದ ಎರಡನೇ ಹಂತದಲ್ಲಿದ್ದ ಆ ಕಾರ್ಖಾನೆಯಿಂದ ಇವರ ಸಹಿ ಇಲ್ಲದೆ ಒಂದು ಬಿಡಿಭಾಗವೂ ಗೇಟು ದಾಟುತ್ತಿರಲಿಲ್ಲ. ಇವರು ಅಂದರೆ ನನ್ನ ಗಂಡ. ಹತ್ತೊಂಬತ್ತು ವರ್ಷ ಅಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದರು. ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಅಳೆದು ಹಿಡಿದು, ಪಕ್ಕಕ್ಕೆ ತೆಗೆದಿಡುವುದು ಅವರ ಕೆಲಸ. ಮನೆಯಲ್ಲೂ ಹಾಗೇ. ಗೋಡೆಯ ಕ್ಯಾಲೆಂಡರ್ ಸ್ವಲ್ಪ ವಾಲಿದ್ದರೆ ಊಟಕ್ಕೆ ಕೂತವರು ಎದ್ದು ಸರಿ ಮಾಡಿ ಬರುವರು. ನಾನು ಮನೆಯಲ್ಲೇ ಅಕ್ಕಪಕ್ಕದವರಿಗೆ ರವಿಕೆ ಹೊಲಿದುಕೊಡುತ್ತಿದ್ದೆ. ತೋಳು ಒಂದು ಎಳೆ ಹೆಚ್ಚುಕಮ್ಮಿ ಆದರೆ ಅವರ ಕಣ್ಣಿಗೆ ಬೀಳುತ್ತಿತ್ತು. ಹೇಳದೆ ಬಿಡುತ್ತಲೂ ಇರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೇ ಮನೆಗೆ ಬಂದರು.

"ಜ್ವರ ಏನಾದ್ರೂ ಬಂತಾ?" ಅಂತ ಕೇಳಿದೆ.

ಶೂ ಬಿಚ್ಚಿ, ಎರಡನ್ನೂ ಜೋಡಿಸಿಟ್ಟರು. "ಇಲ್ಲ. ಕೆಲಸ ಹೋಯ್ತು."

ಕಂಪನಿಯನ್ನು ಬೇರೆಯವರು ಕೊಂಡಿದ್ದರು. ಯಂತ್ರಗಳೆಲ್ಲ ಬೇರೆ ರಾಜ್ಯಕ್ಕೆ ಹೋಗುತ್ತವಂತೆ. ಅಲ್ಲಿ ಅಳತೆ ನೋಡುವುದಕ್ಕೆ ಮನುಷ್ಯರೇ ಬೇಡ, ಕ್ಯಾಮೆರಾ ನೋಡುತ್ತದಂತೆ.

"ಕ್ಯಾಮೆರಾಗೆ ಏನ್ರೀ ಗೊತ್ತಾಗುತ್ತೆ?" ಅಂದೆ. ಅವರ ಪರವಾಗಿ ಸಿಟ್ಟು ಬಂದಿತ್ತು.

"ಚೆನ್ನಾಗೇ ನೋಡುತ್ತೆ ಕಣೇ. ಹೋದ ತಿಂಗಳು ತಂದು ತೋರಿಸಿದ್ರು. ನಾನು ಬಿಟ್ಟಿದ್ದನ್ನೂ ಹಿಡೀತು." ಹಾಗಂದು ಕೈಕಾಲು ತೊಳೆಯಲು ಹೋದರು.

ಅವರು ಅಳಲಿಲ್ಲ, ಕೂಗಾಡಲಿಲ್ಲ. ಮಾರನೆಯ ದಿನವೂ ಎಂದಿನಂತೆ ಐದೂವರೆಗೆ ಎದ್ದರು, ಸ್ನಾನ ಮಾಡಿದರು, ದೇವರ ಮುಂದೆ ದೀಪ ಹಚ್ಚಿ ಕಣ್ಣು ಮುಚ್ಚಿ ಕೂತರು. ನಮ್ಮ ಮನೆದೇವರು ಆಂಜನೇಯ. "ಅವನಿದ್ದಾನೆ, ನೋಡ್ಕೋತಾನೆ" ಎಂದರು. ಮೊದಲ ವಾರ ಆ ಮಾತು ಕೇಳಿ ಧೈರ್ಯ ಬಂತು. ಎರಡನೇ ತಿಂಗಳ ಹೊತ್ತಿಗೆ ಅದೇ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ನನಗೂ ಭಕ್ತಿ ಇದೆ, ಆದರೆ ಕೈಕಟ್ಟಿ ಕೂರುವ ಭಕ್ತಿ ನನಗೆ ಒಗ್ಗುವುದಿಲ್ಲ. ಹಾಗಂತ ಅವರು ಸುಮ್ಮನೆ ಕೂತಿದ್ದರು ಅಂದರೆ ತಪ್ಪಾಗುತ್ತದೆ. ದಿನಾ ಫೈಲು ಹಿಡಿದು ಪೀಣ್ಯದ ಒಂದೊಂದು ರಸ್ತೆಯೂ ಸುತ್ತುತ್ತಿದ್ದರು. ಎಲ್ಲರೂ ಮೊದಲು ವಯಸ್ಸು ಕೇಳುತ್ತಿದ್ದರು. ನಲವತ್ತಾರು ಅಂದಮೇಲೆ, "ಹೇಳಿ ಕಳಿಸ್ತೀವಿ ಸಾರ್" ಅನ್ನುತ್ತಿದ್ದರು. ಹತ್ತನೇ ಕ್ಲಾಸಿನಲ್ಲಿದ್ದ ಮಗಳು ಸ್ಕೂಲಿಂದ ಬಂದು, ಮೊದಲು ನಮ್ಮಿಬ್ಬರ ಮುಖ ನೋಡಿ, ಆಮೇಲೆ ಬ್ಯಾಗು ಇಳಿಸುವುದನ್ನು ಕಲಿತಳು.

ನಾನು ಹರಕೆ ಹೊತ್ತೆ. ಹನ್ನೊಂದು ಶನಿವಾರ ಬರಿಗಾಲಲ್ಲಿ ಆಂಜನೇಯನ ಗುಡಿಗೆ ನಡೆದು, ಇಪ್ಪತ್ತೊಂದು ಪ್ರದಕ್ಷಿಣೆ. ದಾಸರಹಳ್ಳಿಯ ನಮ್ಮ ಮನೆಯಿಂದ ಗುಡಿಗೆ ಅರ್ಧ ಗಂಟೆ ದಾರಿ. ಲಾರಿಗಳು ಓಡಾಡಿ ಕಿತ್ತುಹೋದ ರಸ್ತೆ. ಒಂಬತ್ತನೇ ಶನಿವಾರ ಗುಡಿಯಿಂದ ವಾಪಸು ಬರುವಷ್ಟರಲ್ಲಿ ಇವರಿಗೆ ಫೋನ್ ಬಂದಿತ್ತು. ದ್ವಿಚಕ್ರ ವಾಹನಗಳ ಬ್ರೇಕಿನ ಭಾಗಗಳನ್ನು ಮಾಡಿಕೊಡುವ ಒಂದು ಸಣ್ಣ ಶೆಡ್ಡಿನ ಮಾಲೀಕರು. ಅನುಭವ ಇರುವ ಇನ್‌ಸ್ಪೆಕ್ಟರ್ ಬೇಕು, ಸೋಮವಾರವೇ ಬನ್ನಿ ಅಂದರಂತೆ. ನಾನು ದೇವರ ಗೂಡಿನ ಮುಂದೆ ಕೂತು ಗಳಗಳ ಅತ್ತೆ.

ಸೋಮವಾರ ಇಸ್ತ್ರಿ ಶರ್ಟು ಹಾಕಿಕೊಂಡು ಹೋದವರು ಗುರುವಾರ ಮಧ್ಯಾಹ್ನಕ್ಕೆ ಮನೆಯಲ್ಲಿದ್ದರು.

"ಏನಾಯ್ತು?"

"ಬಿಟ್ಬಂದೆ."

ಕೇಳಿ ಕೇಳಿ ಬಾಯಿ ಬಿಡಿಸಿದೆ. ಅಲ್ಲಿ ಅಳೆಯುವ ಕೆಲಸವೇ ಇರಲಿಲ್ಲ. ರಿಪೋರ್ಟಿನ ಹಾಳೆಗಳಲ್ಲಿ ಅಂಕಿಗಳನ್ನು ಮೊದಲೇ ತುಂಬಿಸಿ ಇಟ್ಟಿರುತ್ತಿದ್ದರು. ಕೆಳಗೆ ಇವರು ಸಹಿ ಹಾಕಬೇಕು, ಅಷ್ಟೇ. ಇವರು ಹಟ ಮಾಡಿ ಹತ್ತು ಪೀಸು ತರಿಸಿ ಅಳೆದರೆ ನಾಲ್ಕು ತಪ್ಪು. ಮಾಲೀಕರಿಗೆ ತೋರಿಸಿದ್ದಕ್ಕೆ, "ಸಾರ್, ನಾನು ಸಂಬಳ ಕೊಡೋದು ನಿಮ್ಮ ಕಣ್ಣಿಗಲ್ಲ, ನಿಮ್ಮ ಸೈನಿಗೆ" ಅಂದರಂತೆ.

"ಎಲ್ರೂ ಮಾಡ್ತಾರಲ್ರೀ! ನೀವೊಬ್ರೇ ಹರಿಶ್ಚಂದ್ರನಾ?"

"ಬ್ರೇಕ್ ಕಣೇ ಅದು. ಯಾವನೋ ಹೆಂಡ್ತಿ ಮಗೂನ ಹಿಂದೆ ಕೂರಿಸ್ಕೊಂಡು ಹೋಗ್ತಿರ್ತಾನೆ."

"ಅವನ ಹೆಂಡ್ತಿ ಮಗು ಚಿಂತೆ ನಿಮಗೆ. ನಿಮ್ಮ ಹೆಂಡ್ತಿ ಮಗು? ಒಂಬತ್ತು ವಾರ ಬರಿಗಾಲಲ್ಲಿ ನಡೆದಿದೀನಿ. ದೇವರು ಕೊಟ್ಟಿದ್ದನ್ನ ಒದ್ದು ಬಂದ್ರಲ್ಲ!"

ಅವರು ನನ್ನನ್ನೇ ನೋಡಿದರು. "ದೇವರು ಕೊಟ್ಟಿದ್ದು ಅಂತ ನೀನು ಹೇಳ್ತಿದ್ದೆಯಲ್ಲ, ಅದಕ್ಕೇ ಸೈನ್ ಹಾಕೋಕೆ ಆಗ್ಲಿಲ್ಲ. ಅವನ ಹೆಸರಲ್ಲಿ ಬಂದ ಕೆಲಸದಲ್ಲಿ ಸುಳ್ಳು ಬರೀಲಾ?"

ನನ್ನ ಮಾತೇ ನನಗೆ ತಿರುಗಿ ಬಂತು. ಅದಕ್ಕೇ ಸಿಟ್ಟು ಇನ್ನೂ ಏರಿತು. ಎರಡು ದಿನ ಮಾತಾಡಲಿಲ್ಲ. ತಟ್ಟೆ ಇಡುತ್ತಿದ್ದೆ, ಬಡಿಸುತ್ತಿದ್ದೆ, ಅಷ್ಟೇ. ಅವರು ಬೆಳಿಗ್ಗೆ ಕಣ್ಣು ಮುಚ್ಚಿ ಕೂತಾಗ ಅಡುಗೆಮನೆಯಲ್ಲಿ ಬೇಕಂತಲೇ ಪಾತ್ರೆ ಕುಕ್ಕುತ್ತಿದ್ದೆ.

ಹತ್ತನೇ ಶನಿವಾರ ಬೆಳಿಗ್ಗೆ ಹಣ್ಣುಕಾಯಿ ಬುಟ್ಟಿ ಹಿಡಿದು ಬರಿಗಾಲಲ್ಲಿ ಹೊರಟೆ. ಗುಡಿಯ ತಿರುವು ಬಂತು. ನಾನು ತಿರುಗಲಿಲ್ಲ. ನೆಟ್ಟಗೆ ನಡೆದು ಆ ಶೆಡ್ಡಿಗೆ ಹೋದೆ.

ಒಳಗೆ ಲೋಹ ಕಡೆಯುವ ಲೇತುಗಳ ಸದ್ದಿಗೆ ಕಿವಿ ಗಡಚಿಕ್ಕುತ್ತಿತ್ತು. ನೆಲದ ತುಂಬ ಎಣ್ಣೆಯ ಪಸೆ, ಸುರುಳಿ ಸುರುಳಿಯಾಗಿ ಬಿದ್ದ ಲೋಹದ ಚೂರುಗಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಅಂಗಾಲಿಗೆ ಏನೋ ಚುಚ್ಚಿತು. ನಿಲ್ಲದೆ ಹೋದೆ. ಮಾಲೀಕರು ಕೆಟ್ಟವರಂತೆ ಕಾಣಲಿಲ್ಲ. ನಾನು ಯಾರು ಅಂತ ಹೇಳಿದ ಕೂಡಲೇ ಎದ್ದು ಕುರ್ಚಿ ಹಾಕಿಕೊಟ್ಟು, ಟೀ ತರಿಸಿದರು.

"ಅವರದ್ದು ಸ್ವಲ್ಪ ಹಟದ ಸ್ವಭಾವ ಸಾರ್. ಸೋಮವಾರದಿಂದ ಕಳಿಸ್ತೀನಿ, ಬೇಡ ಅನ್ಬೇಡಿ" ಅಂತ ಕೈಮುಗಿದೆ.

"ಅವರು ಬರಲ್ಲ ಮೇಡಂ. ಅಂಥವರನ್ನ ನಾನು ನೋಡಿದೀನಿ." ಮೇಜಿನ ಮೇಲಿದ್ದ ಹಾಳೆಗಳ ಕಟ್ಟನ್ನು ನನ್ನ ಕಡೆ ತಿರುಗಿಸಿದರು. "ಹೆಸರು ಇನ್ನೂ ನಮ್ಮ ರಿಜಿಸ್ಟರಲ್ಲೇ ಇದೆ. ಅವರ ಸೈನು ನಿಮಗೆ ಬರುತ್ತಾ? ಈ ತಿಂಗಳದ್ದು ಮುಗಿಸಿಕೊಡಿ. ಸಂಬಳ ಮನೆಗೆ ಬರುತ್ತೆ. ಅವರಿಗೆ ಗೊತ್ತಾಗೋ ಅಗತ್ಯ ಇಲ್ಲ."

ಬರುತ್ತಿತ್ತು. ಮಗಳ ಮಾರ್ಕ್ಸ್ ಕಾರ್ಡಿಗೆ ಎಷ್ಟೋ ಸಲ ಅವರ ಸಹಿ ನಾನೇ ಹಾಕಿದ್ದೆ.

ಪೆನ್ನು ಎತ್ತಿಕೊಂಡೆ. ನನ್ನ ಪಕ್ಕದಲ್ಲೇ ಒಬ್ಬಾಕೆ ಕೆಳಗೆ ಕೂತು ಬ್ರೇಕಿನ ಭಾಗಗಳನ್ನು ಎಣ್ಣೆ ಒರೆಸಿ ಡಬ್ಬಕ್ಕೆ ತುಂಬುತ್ತಿದ್ದಳು. ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. ಮೊದಲ ಹಾಳೆಗೆ ಸಹಿ ಹಾಕಿದೆ. ಆ ಮೊದಲಕ್ಷರದ ಬಾಲ, ಕೆಳಗಿನ ಗೆರೆ, ಎಲ್ಲ ಅವರದ್ದೇ. ಅವರೇ ಬಂದು ಹಾಕಿ ಹೋದಂತಿತ್ತು.

ಅದನ್ನು ನೋಡಿದಾಗ ನನಗೆ ಭಯವಾಯಿತು. ಪೊಲೀಸರ ಭಯವಲ್ಲ, ದೇವರ ಭಯ ಅಂತಲೂ ಹೇಳಲಾರೆ. ಹತ್ತೊಂಬತ್ತು ವರ್ಷ ಆ ಮನುಷ್ಯ ಜೋಪಾನ ಮಾಡಿಕೊಂಡು ಬಂದ ಒಂದೇ ಒಂದು ವಸ್ತುವನ್ನು ನಾನು ಕದ್ದು ತಂದು ಇಲ್ಲಿ ಇಟ್ಟಿದ್ದೇನೆ ಅನ್ನಿಸಿತು. ಕೆಲಸ ಹೋದರೂ ಅವರ ಹತ್ತಿರ ಉಳಿದಿದ್ದು ಅದೊಂದೇ.

ಹಾಳೆಯನ್ನು ಎಳೆದುಕೊಂಡು ಬುಟ್ಟಿಯಲ್ಲಿ ತೆಂಗಿನಕಾಯಿಯ ಕೆಳಗೆ ತುರುಕಿದೆ.

"ಮೇಡಂ! ಅದು ಆಫೀಸಿನ ಪೇಪರ್ರು!" ಮಾಲೀಕರು ಎದ್ದು ನಿಂತರು. ಧ್ವನಿ ಬದಲಾಗಿತ್ತು. "ಕೊಡಿ ಇಲ್ಲಿ."

"ಕೊಡಲ್ಲ."

"ಗೇಟ್ ಹಾಕಿಸ್ತೀನಿ ನೋಡಿ."

"ಹಾಕ್ಸಿ. ಕೂಗ್ತೀನಿ" ಅಂದೆ. ನನಗೆ ಅಷ್ಟು ಗಟ್ಟಿ ಗಂಟಲಿದೆ ಅಂತ ನನಗೇ ಗೊತ್ತಿರಲಿಲ್ಲ. ಒಂದು ಲೇತು ನಿಂತಿತು. ಕೆಲಸದವರು ತಿರುಗಿ ನೋಡಿದರು. ಅವರು ನೋಡುತ್ತಿದ್ದಾರೆ ಅಂತಲೋ ಏನೋ, ಮಾಲೀಕರು ಮುಂದೆ ಬರಲಿಲ್ಲ. ನಾನು ಕುಂಟುತ್ತಾ ಹೊರಗೆ ಬಂದೆ. ರಸ್ತೆಯ ತುದಿಯವರೆಗೂ ಹಿಂದೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಗುಡಿಯ ಮುಂದೆ ನಿಂತೆ. ಒಳಗೆ ಹೋಗಲಾಗಲಿಲ್ಲ. ಪ್ರದಕ್ಷಿಣೆ ಹಾಕುವವರನ್ನು ಹೊರಗಿಂದಲೇ ನೋಡಿದೆ. ಅಷ್ಟೂ ವಾರ ನಾನು ಕೇಳಿದ್ದು ಒಂದೇ, ಇವರಿಗೆ ಕೆಲಸ ಕೊಡಪ್ಪ ಅಂತ. ಆವತ್ತು ಅದು ಬಾಯಿಗೆ ಬರಲಿಲ್ಲ. "ನನ್ನ ಕೈ ಹಿಡ್ಕೋ. ನಂಗೆ ನನ್ನ ಮೇಲೇ ನಂಬಿಕೆ ಇಲ್ಲ" ಅಂದೆ. ಅಂದದ್ದು ಗಟ್ಟಿಯಾಗಿಯೇ ಇರಬೇಕು. ಹೂವು ಮಾರುವಾಕೆ, "ಏನಕ್ಕ?" ಅಂತ ಕೇಳಿದಳು.

ಮನೆಗೆ ಬಂದಾಗ ಹೊಸ್ತಿಲ ಮೇಲೆ ರಕ್ತದ ಗುರುತು ಬಿತ್ತು. ಎರಡು ದಿನದ ಮೌನ ಮರೆತು ಇವರು, "ಕೂತ್ಕೋ" ಅಂದರು. ಕನ್ನಡಕ ಹಾಕಿಕೊಂಡು, ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಸೂಜಿಯಿಂದ ಮೆಲ್ಲಗೆ ಚೂರನ್ನು ಹೊರಗೆ ತೆಗೆದರು. ಬೆರಳ ತುದಿಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

"ಇದು ಲೇತಿಂದ ಬಿದ್ದ ಚೂರು. ಗುಡಿಯಲ್ಲಿ ಯಾವಾಗಿಂದ ಲೇತ್ ಇಟ್ಟಿದಾರೆ?"

ಹೇಳಿದೆ. ಎಲ್ಲ ಹೇಳಿದೆ. ಬುಟ್ಟಿಯಿಂದ ಹಾಳೆ ತೆಗೆದು ಅವರ ಮುಂದಿಟ್ಟೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಕೈ ಎತ್ತಿದ್ದರೂ ಸುಮ್ಮನಿರುತ್ತಿದ್ದೆನೇನೋ. ಅವರು ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದರು.

"ಡೇಟ್ ಹಾಕಿಲ್ಲ ನೀನು. ಡೇಟ್ ಇಲ್ದೆ ನಾನು ಯಾವತ್ತೂ ಸೈನ್ ಹಾಕಲ್ಲ."

ನಾನು ಅಳುತ್ತಿದ್ದವಳು ಅವರ ಮುಖ ನೋಡಿದೆ. ಅವರ ಕಣ್ಣಲ್ಲೂ ನೀರಿತ್ತು.

"ನಾನೇನು ದೊಡ್ಡ ಸತ್ಯವಂತ ಅಲ್ಲ ಕಣೇ" ಅಂದರು. "ಬುಧವಾರ ಎರಡು ಸಲ ಪೆನ್ ಎತ್ತಿದ್ದೆ. ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಕೂತಾಗ ನೀನು ಅಂದ್ಕೊಂಡಿದೀಯ, ಇವರಿಗೆ ಭಯನೇ ಇಲ್ಲ ಅಂತ. ಕಣ್ಣು ಬಿಟ್ರೆ ನಿನ್ನ ಮುಖ ನೋಡ್ಬೇಕಲ್ಲ ಅಂತ ಕೂತಿರ್ತಿದ್ದೆ."

ಮದುವೆಯಾಗಿ ಹದಿನೆಂಟು ವರ್ಷಕ್ಕೆ ಆ ಮನುಷ್ಯ ಹೆದರುತ್ತಾರೆ ಅಂತ ನನಗೆ ಗೊತ್ತಾಗಿದ್ದು ಆವತ್ತು.

ಆಮೇಲೆ ಪವಾಡವೇನೂ ನಡೆಯಲಿಲ್ಲ. ಫೋನೂ ಬರಲಿಲ್ಲ. ಕೆಲಸ ಮೊದಲು ಸಿಕ್ಕಿದ್ದು ನನಗೆ. ರವಿಕೆ ಹೊಲಿಸಲು ಬರುತ್ತಿದ್ದ ಒಬ್ಬಾಕೆ, ತಾನಿದ್ದ ಎಲೆಕ್ಟ್ರಾನಿಕ್ಸ್ ಘಟಕದಲ್ಲಿ ಹೆಂಗಸರನ್ನು ತೆಗೆದುಕೊಳ್ಳುತ್ತಿದ್ದಾರೆ ಅಂದಳು. ಭೂತಗನ್ನಡಿಯ ಕೆಳಗೆ ಸರ್ಕ್ಯೂಟ್ ಬೋರ್ಡುಗಳನ್ನಿಟ್ಟು ಬೆಸುಗೆ ಸರಿಯಾಗಿದೆಯಾ ಅಂತ ನೋಡುವುದು. ನನಗೆ ನಲವತ್ತೊಂದು. ಹೊರಗೆ ದುಡಿದವಳಲ್ಲ. ಇವರು ಬೇಡ ಅಂತಾರೆ ಅಂದುಕೊಂಡೇ ಹೇಳಿದರೆ, ಹಳೆಯ ರೇಡಿಯೋ ಬಿಚ್ಚಿ ಒಳಗಿನ ಬೋರ್ಡನ್ನು ಅಡುಗೆಮನೆಯ ಕಟ್ಟೆ ಮೇಲೆ ಇಟ್ಟರು. ಮೂರು ದಿನ ಕೂರಿಸಿ ಕಲಿಸಿದರು.

"ಸರಿ ಇರೋದನ್ನ ಹುಡುಕ್ಬೇಡ. ಎಲ್ಲಾ ಸರಿ ಅಂತಲೇ ಕಾಣುತ್ತೆ ಆಗ. ತಪ್ಪು ಇದ್ದೇ ಇದೆ ಅಂದ್ಕೊಂಡು ನೋಡು."

"ಜೀವನಪೂರ್ತಿ ನನ್ನನ್ನ ಹಾಗೇ ನೋಡಿದೀರಿ" ಅಂದೆ. ಎಷ್ಟೋ ತಿಂಗಳ ಮೇಲೆ ಮಗಳು ಜೋರಾಗಿ ನಕ್ಕಳು.

ಮೊದಮೊದಲು ಕಷ್ಟವಾಗಿದ್ದು ಕೆಲಸವಲ್ಲ. ಸಂಜೆ ಮನೆಗೆ ಬಂದರೆ ಇವರು ಅನ್ನಕ್ಕಿಟ್ಟು, ಬಟ್ಟೆ ಮಡಚಿ ಕೂತಿರುತ್ತಿದ್ದರು. ಓಣಿಯವರು ನೋಡುವ ನೋಟ ನನಗೆ ತಾಕುತ್ತಿತ್ತು. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಗಿದೆ ಅಂದುಬಿಟ್ಟೆ. ಅವರು ತಟ್ಟೆ ಬಿಟ್ಟು ಎದ್ದುಹೋದರು. ಉಪ್ಪಿನ ಮಾತಲ್ಲ ಅದು ಅಂತ ಇಬ್ಬರಿಗೂ ಗೊತ್ತಿತ್ತು.

ಆರು ತಿಂಗಳ ಮೇಲೆ ನಮ್ಮ ಘಟಕದ ಹೆಂಗಸರನ್ನು ಕರೆತರುವ ವ್ಯಾನಿಗೆ ಡ್ರೈವರ್ ಬೇಕು ಅಂತ ನೋಟಿಸ್ ಹಾಕಿದರು. ಅದನ್ನು ಮನೆಯಲ್ಲಿ ಹೇಳಲು ನನಗೆ ವಾರ ಹಿಡಿಯಿತು. ಇಡೀ ಕಾರ್ಖಾನೆ "ಸಾರ್" ಅಂತ ಎದ್ದು ನಿಲ್ಲುತ್ತಿದ್ದ ಮನುಷ್ಯನಿಗೆ ಡ್ರೈವರ್ ಆಗಿ ಅಂತ ಹೇಗೆ ಹೇಳುವುದು? ಕೊನೆಗೆ ಹೇಳಿದೆ. ಅವರು ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ದೀಪ ಹಚ್ಚಿ ಕೂತು, ಎದ್ದು ಬಂದು, "ಲೈಸೆನ್ಸ್ ಎಲ್ಲಿಟ್ಟಿದೀಯ?" ಅಂತ ಕೇಳಿದರು.

ಮೊದಲ ವಾರವೇ ಸಿಗ್ನಲಿನಲ್ಲಿ ಅವರ ಹಳೆಯ ಜೂನಿಯರ್ ಒಬ್ಬ ಬೈಕಿನಿಂದ ಬಗ್ಗಿ ನೋಡಿ, "ಸಾರ್... ನೀವಾ?" ಅಂದ. ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. "ನಾನೇ ಕಣಯ್ಯ. ಹೆಲ್ಮೆಟ್ ಬೆಲ್ಟ್ ಹಾಕ್ಕೋ" ಅಂದರು ಇವರು. ಸಿಗ್ನಲ್ ಬಿಟ್ಟಿತು. ಕನ್ನಡಿಯಲ್ಲಿ ಅವರ ದವಡೆ ಬಿಗಿದಿರುವುದು ಕಾಣುತ್ತಿತ್ತು. ಅದು ಸಡಿಲವಾಗಲು ಎಷ್ಟು ತಿಂಗಳು ಬೇಕಾಯಿತೋ ನನಗೆ ನೆನಪಿಲ್ಲ.

ಈಗ ಮೂರನೇ ವರ್ಷ ನಡೆಯುತ್ತಿದೆ. ಮಗಳು ಡಿಪ್ಲೊಮಾ ಸೇರಿದ್ದಾಳೆ. ಹೋದ ಶುಕ್ರವಾರ ನಮ್ಮ ಘಟಕದಲ್ಲಿ ಸುದ್ದಿ ಹಬ್ಬಿತು. ಘಟಕವನ್ನು ಊರಾಚೆಗೆ ಸಾಗಿಸುತ್ತಾರಂತೆ, ಸೋಮವಾರ ಎಲ್ಲರನ್ನೂ ಮೀಟಿಂಗಿಗೆ ಕರೆದಿದ್ದಾರೆ. ಸಂಜೆ ಹೊರಗೆ ಬಂದಾಗ ಇವರು ವ್ಯಾನಿನ ಟೈರು ಒತ್ತಿ ನೋಡುತ್ತಿದ್ದರು. ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ.

ಕೈ ಒರೆಸಿಕೊಂಡರು. "ಹೆದರಿಕೆ ಆಗ್ತಿದೆಯಾ?"

"ಹೂಂ."

"ನಂಗೂ" ಅಂದರು.

ಅಷ್ಟರಲ್ಲಿ ಉಳಿದ ಹೆಂಗಸರು ಮಾತಾಡುತ್ತಾ ಬಂದು ವ್ಯಾನ್ ಹತ್ತಿದರು. ಒಬ್ಬಳು ಕಿಟಕಿ ಸರಿಸಲು ಹೇಳಿದಳು, ಇನ್ನೊಬ್ಬಳು ಕಡಲೆಕಾಯಿ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚಿದಳು. ನಾನು ಮುಂದಿನ ಸೀಟಿನಲ್ಲಿ, ಅವರ ಪಕ್ಕದಲ್ಲಿ ಕೂತೆ. ಅವರು ಕೈಮುಗಿದು ವ್ಯಾನ್ ಸ್ಟಾರ್ಟ್ ಮಾಡಿದರು.