ಅಗಲ ಕಂಡ ಹುಡುಗ

ಮದುವೆಗೆ ಮೊದಲು ರಾಯಬಾಗದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಕಂಪ್ಯೂಟರ್ ಅಂಗಡಿ ಇತ್ತು. ಹೊಲದ ಉತಾರಾ, ಅಂದರೆ ಪಹಣಿ, ತೆಗೆದುಕೊಡುವುದು, ಅರ್ಜಿ ತುಂಬುವುದು, ಲಗ್ನಪತ್ರಿಕೆ ಮಾಡುವುದು, ಫೋಟೋದಲ್ಲಿ ಕಪ್ಪಗಿದ್ದವರನ್ನು ಬೆಳ್ಳಗೆ ಮಾಡಿಕೊಡುವುದು ದಿನದ ಕೆಲಸ. ಇದರ ಮೇಲೆ ರಿಪೇರಿ. "ಸ್ಕ್ರೀನ್ ಹೋಗೇತ್ರಿ ಅಕ್ಕಾರ" ಎಂದು ಮಾನಿಟರನ್ನು ಹಸುಗೂಸಿನಂತೆ ಎತ್ತಿಕೊಂಡು ಬರುತ್ತಿದ್ದರು. ಹೆಚ್ಚಿನ ಸಲ ತಂತಿ ಸಡಿಲಾಗಿರುತ್ತಿತ್ತು, ಅಷ್ಟೇ. ಆ ತಂತಿಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಬಂದಿರುತ್ತಿದ್ದರು.

ಕಬ್ಬೂರ ಕಡೆಯ ಸಕ್ಕರೆ ಕಾರ್ಖಾನೆಯ ಒಬ್ಬ ಗುಮಾಸ್ತರು ಏನೋ ಎರಡು ಮೂರು ಗುಂಡಿ ಒಟ್ಟಿಗೆ ಒತ್ತಿ ಪರದೆಯ ಚಿತ್ರ ತಲೆಕೆಳಗು ಮಾಡಿಕೊಂಡಿದ್ದರು. ನನ್ನನ್ನು ಕರೆಯಬೇಕೋ ಬೇಡವೋ? ಕರೆಯಲಿಲ್ಲ. ಮಾನಿಟರನ್ನೇ ತಲೆಕೆಳಗು ಮಾಡಿ, ಬೀಳದಂತೆ ಎರಡೂ ಕಡೆ ಇಟ್ಟಿಗೆ ಕೊಟ್ಟು, ಕಬ್ಬಿನ ಹಂಗಾಮು ಪೂರ್ತಿ ಕೆಲಸ ಮಾಡಿದ್ದರು. ಬೇರೆ ಕೆಲಸಕ್ಕೆ ಹೋದ ನಾನು ಅದನ್ನು ನೋಡಿ, ಗುಂಡಿ ಒತ್ತಿ ಚಿತ್ರ ಸರಿ ಮಾಡಿದರೆ ನನ್ನ ಮೇಲೇ ರೇಗಿದರು. "ಈಗ ಮತ್ತ ಆ ಇಟ್ಟಂಗಿ ಎಲ್ಲಾ ತಗೀಬೇಕಲ್ರೀ" ಎಂದರು.

ಇಂಥ ಊರಿನಲ್ಲಿ ಇಂಥ ಕೆಲಸ ಮಾಡಿಕೊಂಡಿದ್ದ ನನಗೆ ಮನೆಯವರು ಗಂಡು ಹುಡುಕತೊಡಗಿದರು. ಗಂಡುಗಳಿಗೇನೂ ಬರವಿರಲಿಲ್ಲ. ತೊಂದರೆ ಇದ್ದದ್ದು ಆಯಿಯದು. ಆಯಿ ಎಂದರೆ ಅಪ್ಪನ ಅವ್ವ. ನನ್ನನ್ನು ಸಣ್ಣಂದಿನಿಂದ ಬಗಲಲ್ಲಿ ಮಲಗಿಸಿಕೊಂಡು ಬೆಳೆಸಿದವಳು. ಮನೆಯಲ್ಲಿ ಅವಳು ಬೇಡವೆಂದರೆ ಬೇಡ. ಒಬ್ಬ ಹುಡುಗ ಚಹಾ ಸೊರ್ ಎಂದು ಕುಡಿದ, ಬೇಡ. ಇನ್ನೊಬ್ಬ ಚಹಾ ಬಿಟ್ಟೇ ಹೋದ, ಬೇಡ. ಅಥಣಿಯಿಂದ ಬಂದವನು ತನ್ನ ಚಪ್ಪಲಿಯನ್ನು ಗೋಡೆಗೆ ಒತ್ತಿ ಒಪ್ಪವಾಗಿ ಜೋಡಿಸಿಟ್ಟು ಒಳಗೆ ಬಂದಿದ್ದ. "ಚಪ್ಪಲಿಗೆ ಇಷ್ಟ ಕಾಳಜಿ ಮಾಡಾವ ಹೆಂಡ್ತಿಗೇನ ಮಾಡ್ಯಾನ?" ಎಂದು ಅವನನ್ನೂ ಕಳಿಸಿದಳು.

"ಆಕಿಗೆ ಯಾ ಹುಡುಗನೂ ಮನಸ್ಸಿಗೆ ಬರಾಂಗಿಲ್ಲ ತಗಿ" ಎಂದು ಅವ್ವ ಒಮ್ಮೆ ಪಾತ್ರೆ ತಿಕ್ಕುತ್ತ ಹೇಳಿದ್ದಳು. "ನಿನ್ನ ಕಳಸಾಕ ಮನಸಿಲ್ಲ ಆಕಿಗೆ." ನಾನು ನಕ್ಕಿದ್ದೆ.

ಆಮೇಲೆ ಕಾಗವಾಡದಿಂದ ಒಂದು ಸಂಬಂಧ ಬಂತು. ದ್ರಾಕ್ಷಿ ತೋಟದ ಮನೆ. ಹುಡುಗನ ಬಯೋಡಾಟಾ ಫೋನಿಗೆ ಬಂತು. ನಾನು ಅಂಗಡಿಯಲ್ಲಿ ಲೆಕ್ಕವಿಲ್ಲದಷ್ಟು ಬಯೋಡಾಟಾ ಟೈಪು ಮಾಡಿದವಳು. ಸ್ವಭಾವ ಎಂಬಲ್ಲಿ ಎಲ್ಲರೂ "ಶಾಂತ" ಎಂದೇ ಬರೆಸುತ್ತಾರೆ. ಅಂಗಡಿಯಲ್ಲಿ ನಿಂತು ಅಪ್ಪನ ಜೊತೆ ಜಗಳ ಆಡುತ್ತಲೇ "ಶಾಂತ" ಎಂದು ಬರೆಸಿದವರಿದ್ದಾರೆ. ಈ ಹುಡುಗ ಬರೆದದ್ದು ಹೀಗೆ: "ಊಟ ತಡವಾದರೆ ಸಿಟ್ಟು ಬರುತ್ತದೆ." ನಾನು ಓದಿ ಓದಿ ನಕ್ಕೆ. ಕೂತಲ್ಲೇ ಮನಸ್ಸು ಅವನ ಕಡೆ ವಾಲಿತು. ಆದರೆ ಆಯಿಯ ಎದುರು ಬಾಯಿ ಬಿಡುವ ಹಾಗಿಲ್ಲ. ನಾನು ಬೇಕೆಂದರೆ ಅವಳು ಇನ್ನೂ ಗಟ್ಟಿಯಾಗಿ ಬೇಡ ಅನ್ನುತ್ತಾಳೆ.

ಫೋಟೋ ತೋರಿಸಿದರೆ ಆಯಿ ಮುಖ ತಿರುಗಿಸಿದಳು. "ಫೋಟೋ ನಂಬಬ್ಯಾಡ್ರಿ. ಈಕೀನ ಅಂಗಡ್ಯಾಗ ಕುಂತ ಕಾಗಿನ್ನ ಬೆಳ್ಳಕ್ಕಿ ಮಾಡತಾಳ." ಹುಡುಗನೇ ಬರೋಣವೆಂದರೆ ದ್ರಾಕ್ಷಿ ಕಟಾವಿನ ದಿನಗಳು, ತೋಟ ಬಿಟ್ಟು ಕದಲುವಂತಿಲ್ಲ. ಕೊನೆಗೆ ವಿಡಿಯೋ ಕಾಲ್ ಎಂದು ಗೊತ್ತಾಯಿತು. ಫೋನಿನ ಸಣ್ಣ ಪರದೆ ಆಯಿಯ ಕಣ್ಣಿಗೆ ಹತ್ತುವುದಿಲ್ಲ. "ಅಂಗಡ್ಯಾಗಿನ ದೊಡ್ಡ ಸ್ಕ್ರೀನ ತಗೊಂಡ ಬಾರವಾ" ಎಂದು ಅಪ್ಪ ಹೇಳಿದರು.

ಅದನ್ನು ತಂದೆ. ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಅದನ್ನೂ ಕ್ಯಾಮೆರಾ, ಮೈಕು, ಸ್ಪೀಕರುಗಳನ್ನೂ ಜೋಡಿಸಿದೆ. ಆ ಕಂಪ್ಯೂಟರಿಗೆ ವೈರಸ್ ಹತ್ತಿತ್ತೆಂದು ಹಿಂದಿನ ದಿನವಷ್ಟೇ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದ್ದೆ. ಡಿಸ್‌ಪ್ಲೇ ಡ್ರೈವರ್ ಹಾಕುವುದು ಬಾಕಿ ಇತ್ತು. ಪರದೆ ಎಷ್ಟು ಅಗಲ, ಎಷ್ಟು ಎತ್ತರ ಎಂದು ಕಂಪ್ಯೂಟರಿಗೆ ಸರಿಯಾಗಿ ಗೊತ್ತಾಗಬೇಕಾದರೆ ಆ ಡ್ರೈವರ್ ಬೇಕು. ಅದಿಲ್ಲದಿದ್ದರೆ ಕಂಪ್ಯೂಟರು ಹಳೆಯ ಕಾಲದ ಚೌಕ ಚಿತ್ರವನ್ನೇ ಕಳಿಸುತ್ತದೆ, ಅಗಲದ ಪರದೆ ಅದನ್ನು ಎರಡೂ ಕಡೆ ಎಳೆದು ತುಂಬಿಸಿಕೊಳ್ಳುತ್ತದೆ. ಡ್ರೈವರುಗಳೆಲ್ಲ ನನ್ನ ಪೆನ್‌ಡ್ರೈವಿನಲ್ಲಿದ್ದವು. ಪೆನ್‌ಡ್ರೈವು ಅಂಗಡಿಯ ಕೀಲಿ ಗೊಂಚಲಿನಲ್ಲಿತ್ತು. ಆ ಗೊಂಚಲನ್ನು ಅವ್ವ ನನ್ನ ಸೊಂಟದಿಂದ ಕಿತ್ತುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಳು.

"ಕನ್ಯಾ ತೋರಸಾಕ ಕುಂತಾಕಿ ಸೊಂಟಕ್ಕ ಕೀಲಿ ಗೊಂಚಲ ಯಾಕಬೇ? ಗಿರಣಿ ಮಾಲಕಿ ಆಗೀಯೇನ? ಹೋಗ, ಸೀರಿ ಉಡ ಹೋಗ."

ನಾನು ಸೀರೆ ಉಟ್ಟು, ಹೂ ಮುಡಿದು ಬರುವಷ್ಟರಲ್ಲಿ ಕಾಗವಾಡದ ಕಾಲ್ ಬಂದೇಬಿಟ್ಟಿತು. ಪರದೆಯ ಮೇಲೆ ಹುಡುಗ ಮತ್ತು ಅವನ ತಾಯಿ ಕಂಡರು. ಅಯ್ಯೋ ದೇವರೇ! ಹುಡುಗ ಒಳ್ಳೇ ಹಿಟ್ಟಿನ ಚೀಲದಂತೆ ಹರಡಿ ಕೂತಿದ್ದ. ತಲೆ ಕುಂಬಳಕಾಯಿ. ಕುತ್ತಿಗೆ ಇರಲೇ ಇಲ್ಲ. ಕಾರಣ ನನಗೆ ತಟ್ಟನೆ ತಿಳಿಯಿತು, ಆದರೆ ತಲೆ ತಗ್ಗಿಸಿ ಕೂತ ಕನ್ಯೆ ಯಾರಿಗೆ ಹೇಳಬೇಕು?

"ನಮಸ್ಕಾರ್ರಿ ಆಯಿ" ಎಂದು ಹುಡುಗ ಕೈ ಮುಗಿದ. ಆ ಕೈಗಳೂ ಅಗಲ.

ಆಯಿ ನಮಸ್ಕಾರವನ್ನೂ ಹೇಳದೆ ಅಪ್ಪನ ಕಿವಿಯಲ್ಲಿ ಪಿಸುಗುಟ್ಟಿದಳು. ಕಿವಿ ಮಂದವಾದವಳ ಪಿಸುಮಾತು ಓಣಿಯ ಕೊನೆಗೂ ಕೇಳುತ್ತದೆ. ಅಪ್ಪ ಗಾಬರಿಯಾಗಿ "ಒಂದ ಮಿನಿಟ್ರೀ ಪಾವಣ್ಯಾರ" ಎಂದು ಕೈ ಚಾಚಿ ಸ್ಪೀಕರಿನ ಗುಂಡಿಯನ್ನು ಪೂರ್ತಿ ತಿರುವಿಟ್ಟರು. "ಆವಾಜ್ ಬಂದ್ ಮಾಡೇನಿ. ಈಗ ಏನ ಮಾತಾಡೋದೈತಿ ಮಾತಾಡವಾ" ಎಂದರು. ನನ್ನ ತಲೆಯೆಲ್ಲ ಕಪಾಟಿನ ಬೀಗದಲ್ಲಿತ್ತು, ಅಪ್ಪ ಬಂದ್ ಮಾಡಿದ್ದು ಯಾವ ಕಡೆಯ ಆವಾಜ್ ಎಂದು ಯೋಚಿಸಲೇ ಇಲ್ಲ.

"ಬ್ಯಾಡ" ಎಂದಳು ಆಯಿ. "ಇಷ್ಟ ಅಗಲ ಇದ್ದಾವ ಮನ್ಯಾಗಿನ ರೊಟ್ಟಿ ಎಲ್ಲಾ ತಾನ ತಿಂತಾನ. ನಮ್ಮ ಹುಡುಗಿಗೆ ಏನ ಉಳೀತೈತಿ?"

"ಆಯಿ, ಅವ ಹಂಗಿಲ್ಲ. ಸ್ಕ್ರೀನ ಹಂಗ ತೋರಸಾಕತ್ತೈತಿ" ಎಂದೆ.

"ಸ್ಕ್ರೀನಿಗೇನ ಅವನ ಮ್ಯಾಲ ಸಿಟ್ಟ ಐತೇನ?"

ನನಗೆ ತಡೆಯಲಾಗಲಿಲ್ಲ. ಅವ್ವನಿಂದ ಕಪಾಟಿನ ಕೀಲಿ ಕಸಿದುಕೊಂಡು, ಗೊಂಚಲು ತಂದು, ಪೆನ್‌ಡ್ರೈವು ಚುಚ್ಚಲು ಹೋದೆ. ಮುಂದಿನ ಕಿಂಡಿ ಸತ್ತು ಎಷ್ಟೋ ಕಾಲವಾಗಿತ್ತು. ಹಿಂದಿನ ಕಿಂಡಿಗೆ ಹಾಕಬೇಕೆಂದರೆ ಮೇಜಿನ ಕೆಳಗೆ ನುಗ್ಗಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿ ನುಗ್ಗಿದೆ. "ಹುಡುಗಿ ಎಲ್ಲಿ ಹ್ವಾದ್ಲು ಅಂತಾರಲ್ಲೇ!" ಎಂದು ಅವ್ವ ಹಣೆ ಬಡಿದುಕೊಂಡಳು. ಮಲ್ಲಿಗೆ ದಂಡೆ ತಂತಿಗಳಿಗೆ ಸಿಕ್ಕಿಕೊಂಡು ಅಲ್ಲೇ ಉಳಿಯಿತು.

ಮೇಲೆ ಎದ್ದು ಬಂದು ಡ್ರೈವರ್ ಹಾಕತೊಡಗಿದೆ. ಅರ್ಧಕ್ಕೆ ಬಂದಾಗ ಪರದೆ ಕಪ್ಪಾಯಿತು. ಈ ಕೆಲಸದಲ್ಲಿ ಅದು ಆಗುವಂಥದ್ದೇ, ಸ್ವಲ್ಪ ಹೊತ್ತಿಗೆ ತಾನೇ ಬರುತ್ತದೆ. ಗಿರಾಕಿಗಳು ಈ ಹೊತ್ತಿನಲ್ಲೇ ಹೆದರಿ ಪ್ಲಗ್ ಕೀಳುವುದು, ಆಮೇಲೆ ನನ್ನ ಹತ್ತಿರ ಅಳುತ್ತ ಬರುವುದು. ಅಪ್ಪನ ಕೈ ಆಗಲೇ ಪ್ಲಗ್ಗಿನ ಕಡೆ ಹೊರಟಿತ್ತು.

"ಅಪ್ಪಾ, ಕೈ ತಗಿ!"

"ಹುಡುಗ ಹೋದನಲ್ಲವಾ!"

"ಎಲ್ಲೂ ಹೋಗಿಲ್ಲ, ಸುಮ್ಮ ಕುಂಡ್ರ."

ಪರದೆ ಒಮ್ಮೆ ಮಿಣುಕಿತು, ಮತ್ತೆ ಕಪ್ಪಾಯಿತು, ಆಮೇಲೆ ಬೆಳಗಿತು. ಹುಡುಗ ಕಂಡ. ಮುಖಕ್ಕೊಂದು ಗದ್ದ ಬಂದಿತ್ತು, ಗದ್ದದ ಕೆಳಗೊಂದು ಕುತ್ತಿಗೆ. ಕುತ್ತಿಗೆ ಎಂದರೆ ಏನು ಕುತ್ತಿಗೆ! ಹುಡುಗ ಉದ್ದಕ್ಕೆ, ನೆಟ್ಟಗೆ ಇದ್ದ. ನನಗೆ ನಾಚಿಕೆಯಾಗುವಷ್ಟು ಸಂತೋಷವಾಯಿತು. ಅವನು ಯಾಕೋ ತುಟಿ ಕಚ್ಚಿ ನೆಲ ನೋಡುತ್ತಿದ್ದ. ಅವನ ತಾಯಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಮರ್ಯಾದಸ್ಥರು ಎಂದುಕೊಂಡೆ.

ಆಯಿ ಮುಂದಕ್ಕೆ ಬಾಗಿ ನೋಡಿದಳು. "ಇವ ಬ್ಯಾರೆ ಹುಡುಗ" ಎಂದಳು. "ಕತ್ತಲಿ ಮಾಡಿ ಬದಲಿ ಮಾಡ್ಯಾರ."

"ಆಯಿ, ಅವನೇ ಇವ! ನೋಡಿಲ್ಲಿ." ನಾನು ಸೆಟ್ಟಿಂಗಿಗೆ ಹೋಗಿ ಅಳತೆ ಕೆಡಿಸಿ ತೋರಿಸಿದೆ, ಹುಡುಗ ಅಗಲವಾದ. ಸರಿ ಮಾಡಿದೆ, ಸಣ್ಣಗಾದ. ಅಗಲ, ಸಣ್ಣ, ಅಗಲ, ಸಣ್ಣ. ಅವನ ತಾಯಿಯೂ ಜೊತೆಗೆ ಉಬ್ಬಿ ಇಳಿದರು. ಅಪ್ಪನಿಗೆ ಇದು ಬಹಳ ಹಿಡಿಸಿ "ಇನ್ನೊಮ್ಮಿ ಮಾಡ" ಎಂದರು.

ಆಯಿ ಒಪ್ಪಿದಳು ಎಂದುಕೊಂಡೆ. ಎಲ್ಲಿಯ ಒಪ್ಪಿಗೆ!

"ಖರೇ ಹಿಂಗ ಸಣ್ಣ ಅದಾನಂದ್ರ ಮದಲ ಬ್ಯಾಡ" ಎಂದಳು. "ಹೆತ್ತ ಮಗನಿಗೆ ಉಣ್ಣಾಕ ಹಾಕದ ಮನಿ, ಸೊಸಿಗೇನ ಹಾಕತೈತಿ?"

ನನ್ನ ಮೈಯೆಲ್ಲ ಉರಿದುಹೋಯಿತು. ಅಗಲವಿದ್ದರೆ ನನಗೆ ರೊಟ್ಟಿ ಉಳಿಯುವುದಿಲ್ಲ, ಸಣ್ಣಗಿದ್ದರೆ ರೊಟ್ಟಿಯೇ ಇಲ್ಲ. ಈ ಮುದುಕಿಗೆ ಯಾವ ಡ್ರೈವರ್ ಹಾಕಬೇಕು? ಇಷ್ಟು ದಿನ ಕಟ್ಟಿಟ್ಟ ಬಾಯಿ ಬಿಟ್ಟೇಬಿಟ್ಟೆ.

"ಅಗಲ ಇದ್ರ ಅಗಲ, ಸಣ್ಣ ಇದ್ರ ಸಣ್ಣ! ನನಗ ಈ ಹುಡುಗನ ಬೇಕಬೇ ಆಯಿ! ಬಯೋಡಾಟಾ ಓದಿದ ದಿನಾನ ಮನಸ್ಸ ಮಾಡೇನಿ. ಹಸದ ಇರತೀನಿ, ಆದ್ರ ಅಲ್ಲೇ ಇರತೀನಿ!"

ಅವ್ವ ಬಾಗಿಲು ಹಿಡಿದು ನಿಂತಳು. ಇನ್ನು ಗಂಡಿನ ಕಡೆಯ ಪಾವಣ್ಯಾರನ್ನು ಎಷ್ಟು ಹೊತ್ತು ಕಾಯಿಸುವುದು ಎಂದು ಅಪ್ಪ ಸ್ಪೀಕರಿನ ಗುಂಡಿ ತಿರುವಿದರು. ಕಾಗವಾಡದ ಕಡೆಯಿಂದ ನಗು ಕೇಳಿತು. ಒಬ್ಬರದಲ್ಲ, ಮನೆಮಂದಿಯದೆಲ್ಲ.

ಆಗ ನನಗೆ ಹೊಳೆಯಿತು. ಅಪ್ಪ ಬಂದ್ ಮಾಡಿದ್ದು ನಮ್ಮ ಸ್ಪೀಕರು. ಅವರ ಮಾತು ನಮಗೆ ಕೇಳುತ್ತಿರಲಿಲ್ಲ, ಅಷ್ಟೇ. ನಮ್ಮ ಮೈಕು ಮೊದಲಿನಿಂದಲೂ ಚಾಲೂ ಇತ್ತು. ರೊಟ್ಟಿಯಿಂದ ಹಿಡಿದು ನನ್ನ ಕೊನೆಯ ಕೂಗಿನವರೆಗೆ ಒಂದಕ್ಷರ ಬಿಡದೆ ಅಲ್ಲಿಗೆ ಮುಟ್ಟಿತ್ತು. ಊರಿಗೆಲ್ಲ ಕಂಪ್ಯೂಟರ್ ಕಲಿಸಿದವಳ ಮನೆಯಲ್ಲಿ ಇದು ನಡೆಯಿತು. ಮತ್ತೆ ಮೇಜಿನ ಕೆಳಗೆ ಹೋಗಿ ಕೂತುಬಿಡಲೇ ಎನ್ನಿಸಿತು.

ಹುಡುಗನ ತಾಯಿ ಕಣ್ಣೊರೆಸಿಕೊಂಡು ಹೇಳಿದರು: "ನಮಗ ಹುಡುಗಿ ಪಸಂದ ಅದಾಳ್ರಿ ಆಯಿ. ನಿಮಗ ಹುಡುಗ ಯಾ ಸೈಜಿನಾಗ ಬೇಕ ಅದನ್ನ ಹೇಳ್ರಿ."

ಆಯಿ ನಗಲಿಲ್ಲ. ಪರದೆಯ ಹತ್ತಿರಕ್ಕೆ ಸರಿದು ಕೂತಳು. "ಏನಪಾ, ಊಟ ತಡಾ ಆದ್ರ ಸಿಟ್ಟ ಬರತೈತಂತ ನಿನಗ?"

"ಬರತೈತ್ರಿ ಆಯಿ" ಎಂದ ಹುಡುಗ.

"ನಮ್ಮ ಹುಡುಗಿಗೂ ಬರತೈತಿ. ಅಂಗಡಿಗೆ ಹ್ವಾದ್ರ ಉಣ್ಣೂದ ಮರೀತಾಳ, ಹೊಳ್ಳಿ ಬಂದ ನಮ್ಮ ಮ್ಯಾಲ ಒದರತಾಳ. ನಾ ಕೂಗಿ ಕರದ ಹಾಕಬೇಕ. ಅಲ್ಲೆ ಕರದ ಹಾಕಾವರ ಯಾರದಾರ?"

"ನಾ ಅದೀನ್ರಿ" ಎಂದರು ತಾಯಿ. ಈ ಸಲ ಅವರೂ ನಗಲಿಲ್ಲ.

ಆಯಿ "ಹಂಗಾರ ಆತು" ಎಂದು ಎದ್ದು ಒಳಗೆ ಹೋದಳು. ಅವ್ವ ಬಾಗಿಲಲ್ಲೇ ಕಣ್ಣೊರೆಸಿಕೊಂಡಳು.

ಮದುವೆಯಾಯಿತು. ಕಾಗವಾಡದಲ್ಲೂ ಮನೆಯ ಮುಂದೆಯೇ ಅಂಗಡಿ ಹಾಕಿದೆ. ದೊಡ್ಡ ಮಾನಿಟರನ್ನು ಆಯಿ ರಾಯಬಾಗದಲ್ಲೇ ಉಳಿಸಿಕೊಂಡಳು. ದಿನಾ ಸಂಜೆ ಅಪ್ಪ ಕಾಲ್ ಹಚ್ಚಿ ಕೊಡುತ್ತಾರೆ. ದಿನಾ ಅದೇ ಮಾತು. "ಸೊರಗೀದಿ. ಉಂಡಿಯಿಲ್ಲೋ?" ನಾನು ರೊಟ್ಟಿಯ ತಾಟನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಬೇಕು. ಅತ್ತೆ ಬಂದು ಸಾಕ್ಷಿ ಹೇಳಬೇಕು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಕಾಲ್ ಮುಗಿದ ಮೇಲೆ ಅಳುವೂ ಬರುತ್ತಿತ್ತು.

ಪಂಚಮಿಗೆ ತವರಿಗೆ ಹೋದಾಗ ಆಯಿ ನನ್ನನ್ನು ಆ ಮೇಜಿನ ಹತ್ತಿರ ಕರೆದಳು. "ಅವತ್ತ ಹುಡುಗನ್ನ ಅಗಲ ಮಾಡಿ ತೋರಿಸಿದ್ದೀಯಲ್ಲ, ಹಂಗ ಮಾಡಿ ಇಟ್ಟ ಹೋಗ" ಎಂದಳು.

"ಅದು ಸುಳ್ಳ ಅಗಲ ಆಯಿ."

"ನನಗ ಗೊತ್ತಿಲ್ಲೇನ? ಸುಳ್ಳರೆ ಇರಲಿ. ಮೈತುಂಬ ಕಂಡ್ರ ರಾತ್ರಿ ನಿದ್ದಿ ಹತ್ತತೈತಿ ನನಗ."

ಪರದೆಯ ಅಳತೆ ಸರಿ ಇಡಿ, ಮುಖ ಎಳೆದಂತೆ ಕಾಣಬಾರದು ಎಂದು ಊರೆಲ್ಲ ಬೈದುಕೊಂಡು ತಿರುಗಿದವಳು ಅವತ್ತು ಬಾಯಿ ಮುಚ್ಚಿಕೊಂಡು ಅಳತೆ ಕೆಡಿಸಿ ಬಂದೆ. ಮರುದಿನ ಸಂಜೆ ಕಾಗವಾಡದಿಂದ ಕಾಲ್ ಮಾಡಿದರೆ ಆಯಿ ಕೈತಟ್ಟಿ ನಕ್ಕಳು. "ಹಾಂ! ಈಗ ನೋಡ, ಮೈ ಹಿಡದೈತಿ!"

ನನ್ನ ಪರದೆ ಮಾತ್ರ ಸರಿಯಾಗಿತ್ತು. ಅದು ಇದ್ದದ್ದನ್ನು ಇದ್ದ ಹಾಗೇ ತೋರಿಸುತ್ತಿತ್ತು. ಅದರಲ್ಲಿ ಆಯಿಯ ಕೆನ್ನೆ ಒಳಗೆ ಹೋಗಿತ್ತು, ಕುತ್ತಿಗೆಯ ನರ ಎದ್ದಿತ್ತು, ಕುಪ್ಪಸದ ತೋಳಿನಲ್ಲಿ ಕೈ ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಿತ್ತು. ಉಂಡಿಯಾ ಎಂದು ಕೇಳಿದರೆ ಉಂಡೇನಿ ಅನ್ನುತ್ತಿದ್ದಳು. ತಾಟು ತೋರಿಸು ಎಂದರೆ ತೋರಿಸುತ್ತಿರಲಿಲ್ಲ.

ಮೊನ್ನೆ ಒಬ್ಬ ಗಿರಾಕಿ ಉತಾರಾಕ್ಕೆಂದು ಬಂದವನು ನನ್ನ ಮಾನಿಟರಿನ ಕಡೆ ಬಗ್ಗಿ ನೋಡಿದ. "ಅಕ್ಕಾರ, ನಿಮ್ಮ ಸ್ಕ್ರೀನ ಬಿಗಡಸೇತ್ರಿ. ಎಲ್ಲಾ ಅಗಲ ಕಾಣಾಕತ್ತೈತಿ. ಡ್ರೈವರ್ ಹೋಗಿರಬೇಕ ನೋಡ್ರಿ."

"ಹೌದ್ರಿ. ಇರಲಿ ಬಿಡ್ರಿ" ಎಂದೆ. ಸಂಜೆಯಾಗುತ್ತ ಬಂದಿತ್ತು, ಆಯಿಯ ಕಾಲ್ ಬರುವ ಹೊತ್ತು.