ಅಜ್ಜಿಯ ನಡಿಗೆ ಮತ್ತು ಒಂದು ಪುಟ್ಟ ಗಿಂಬಲ್

ಮಂಡಿ ನೋವು ಹೆಚ್ಚಾಗಿ ಅಜ್ಜಿ ವಡಪಳನಿ ಗುಡಿಗೆ ಹೋಗುವುದನ್ನು ನಿಲ್ಲಿಸಿದ್ದಳು. ಗುಡಿಯ ಬೀದಿಯನ್ನಾದರೂ ತೋರಿಸೋಣವೆಂದು ನನ್ನ ಪುಟ್ಟ ಕ್ಯಾಮೆರಾ ಹಿಡಿದು ನಡೆಯುತ್ತಾ ವಿಡಿಯೊ ಮಾಡಿದೆ. ಅರ್ಧ ನೋಡುವಷ್ಟರಲ್ಲೇ ಅವಳು ಕಣ್ಣು ಮುಚ್ಚಿಕೊಂಡಳು.

"ಗೋಪುರ ತೋರ್ಸೋ ಅಂದ್ರೆ ದೋಣಿ ಹತ್ತಿಸಿದ್ಯಲ್ಲೋ! ತಲೆ ಸುತ್ತತ್ತೆ."

ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಕೊಳ್ಳಲು ಅಂಗಡಿಗೆ ಹೋದೆ. ದೊಡ್ಡದನ್ನು ಎತ್ತಿದ ಐದೇ ನಿಮಿಷಕ್ಕೆ ನನ್ನ ಕಡ್ಡಿ ತೋಳು ಸೋತಿತು. ಜೇಬಿಗೆ ಹಿಡಿಸುವ ಚಿಕ್ಕದು ನನ್ನ ಕ್ಯಾಮೆರಾವನ್ನು ಸಲೀಸಾಗಿ ಹೊತ್ತಿತು, ಕೈ ನಡುಕವೂ ಕಾಣಲಿಲ್ಲ. ಆದರೆ ಹೆಜ್ಜೆ ಹೆಜ್ಜೆಗೂ ಚಿತ್ರ ಕುಪ್ಪಳಿಸುತ್ತಿತ್ತು.

"ಅದನ್ನ ಯಾವ ಗಿಂಬಲ್ಲೂ ಪೂರ್ತಿ ತಡೆಯಲ್ಲ, ತಂಬಿ. ಮಂಡಿ ಮಡಚಿ, ನೆಲ ಒರೆಸಿದ ಹಾಗೆ ನಡೀಬೇಕು," ಎಂದರು ಅಂಗಡಿಯವರು.

ಆ ನಡಿಗೆ ನನಗೆ ಬಾಯಿಪಾಠ. ನೆಂಟರು ಬಂದಾಗಲೆಲ್ಲ ಅಜ್ಜಿಯಂತೆ ನಡೆದು ನಗಿಸುತ್ತಿದ್ದವನು ನಾನೇ. ಅಂಗಡಿಯಲ್ಲೂ ಹಾಗೇ ನಡೆದೆ. ಚಿತ್ರ ಎಣ್ಣೆಯ ಮೇಲೆ ಜಾರಿದಂತೆ ಬಂತು. ಚಿಕ್ಕದನ್ನೇ ಕೊಂಡೆ.

ಹೊಸ ವಿಡಿಯೊವನ್ನು ಅಜ್ಜಿ ಕೊನೆಯವರೆಗೂ ನೋಡಿ ಕೈ ಮುಗಿದಳು. "ಇಷ್ಟು ನಾಜೂಕಾಗಿ ಹೆಂಗೆ ನಡೆದ್ಯೋ?"

ನಡೆದು ತೋರಿಸಿದೆ. ಪಕ್ಕದ ದಿಂಬು ನನ್ನತ್ತ ಹಾರಿಬಂತು.

"ಕೋತಿ! ನಾಳೆ ಹೂವಿನಂಗಡಿ ಸಾಲಲ್ಲೂ ಹಿಂಗೇ ನಡಿ."